ಲಕ್ಷ್ಮಿಯ ಹಿಂದಿನ ಕುಣಿತ

ನಿನ್ನೆ ನಮ್ಮ ಮನೆಯವರು ಬೇಗಂ ಬಜಾರಿನ ಕಿರಾಣಿ ಅಂಗಡಿಯಿಂದ ಹೊಸ ವರ್ಷದ ಕ್ಯಾಲೆಂಡರ್ ತಂದರು. ಸುರುಳಿ ಬಿಚ್ಚಿದರೆ ಲಕ್ಷ್ಮಿಯ ಚಿತ್ರ. ಜೊತೆಗೆ ಒಣಮೆಣಸಿನಕಾಯಿಯ ಘಾಟು. ಆ ವಾಸನೆಗೇ ನನಗೆ ಸಿಟ್ಟು ಬರುತ್ತದೆ. ಬಾಲಾನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನನಗೆ ಚಿಕ್ಕಮ್ಮನಂತಿದ್ದ ಕಾಕು ನೆನಪಾಗುತ್ತಾರೆ...

ಕಾಕು ಕೋಠಿಯ ಫುಟ್‌ಪಾತಿನಲ್ಲಿ ಒಂದು ಚಿತ್ರ ಕೊಂಡು ಫ್ರೇಮು ಹಾಕಿಸಿದ್ದರು. ಫ್ರೆಂಚರ ಯಾವುದೋ ಹಳೆಯ ಚಿತ್ರದ ಪ್ರತಿ. ತೋಟದಲ್ಲಿ ಒಂದು ಜೋಡಿ ಕುಣಿಯುತ್ತಿದೆ. ಅವನ ಮುಖಕ್ಕೆ ಟೊಪ್ಪಿಗೆಯ ಮರೆ, ಅವಳು ಅವನನ್ನು ಬಿಟ್ಟು ಬೇರೆಲ್ಲೋ ನೋಡುತ್ತಿದ್ದಾಳೆ. ಹತ್ತಿರ ಹೋದರೆ ಬರೀ ಬಣ್ಣದ ಕಲೆಗಳು, ಸ್ವಲ್ಪ ಹಿಂದೆ ಸರಿದರೆ ಲಂಗ ಗಿರ್ರನೆ ತಿರುಗುತ್ತಿತ್ತು. ನೆಲದ ಮೇಲೆ ಸಿಗರೇಟಿನ ತುಂಡುಗಳು.

"ಕಸಾ ಯಾರ ಹೊಡೀಬೇಕು ಅನ್ನೂ ಚಿಂತಿನ ಇಲ್ಲ ನೋಡವಾ ಆಕಿಗೆ," ಎಂದು ಕಾಕು ನಗುತ್ತಿದ್ದರು. ಮಧ್ಯಾಹ್ನ ಕೆಲಸ ಮುಗಿಸಿ ಅದರೆದುರು ಕೂತು ಚಹಾ ಕುಡಿಯುವುದು, ಅವರಿಗೆ ಬೇಕಾಗಿದ್ದು ಅಷ್ಟೇ.

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅವರ ಯಜಮಾನರು, ಕಾಕಾ, ಗಾಬರಿಯಾದರು. "ತಬ್ಕೊಂಡ ನಿಂತಾರ, ಬಂದ ಮಂದಿ ಏನ ಅಂದಾರು!" ಹಾಲ್‌ನಲ್ಲಿದ್ದದ್ದು ಒಂದೇ ಮೊಳೆ. ಅದೇ ಮೊಳೆಗೆ, ಚಿತ್ರದ ಮೇಲೆಯೇ, ಇದೇ ಮೆಣಸಿನಕಾಯಿ ಘಾಟಿನ ಕಿರಾಣಿ ಅಂಗಡಿಯ ಲಕ್ಷ್ಮಿ ಕ್ಯಾಲೆಂಡರ್ ಹಾಕಿಬಿಟ್ಟರು. ಸಂಬಂಧ ಕುದುರಿತು. ಅಲ್ಲಿಗೆ ಮುಗಿಯಿತು! ಕಾಲ್ಗುಣದ ಲಕ್ಷ್ಮಿಯನ್ನು ನಡುವರ್ಷ ಇಳಿಸುವುದುಂಟೇ? ವರ್ಷ ಕಳೆದರೆ, ನಮ್ಮವರೆಲ್ಲ ಮಾಡುವಂತೆ, ಹಳೆಯದರ ಮೇಲೆಯೇ ಹೊಸದು. ಕ್ಯಾಲೆಂಡರುಗಳ ಕಟ್ಟು ದಪ್ಪವಾಗುತ್ತಾ ಹೋಯಿತು, ಕಾಕು ಲಕ್ಷ್ಮಿಯ ಎದುರು ಕೂತು ಚಹಾ ಕುಡಿಯುತ್ತಾ ಹೋದರು.

"ತಗೀರಿ ಅಂತ ಕಾಕಾಗ ಒಮ್ಮಿ ಹೇಳ್ರಿ ಕಾಕು!" ನಾನು ಹೇಳಿ ಹೇಳಿ ಸಾಕಾದೆ.

"ಇರ್ಲಿ ಬಿಡವಾ, ಒಳಗ ಕುಣಕೋತ ಅದಾರಲ್ಲ..."

ಕಾಕು ತೀರಿಕೊಂಡ ಮೇಲೆ ಕಾಕಾ ಕ್ವಾರ್ಟರ್ಸ್ ಖಾಲಿ ಮಾಡಿದರು. ಸಾಮಾನು ಕಟ್ಟಲು ನಾನೂ ಹೋಗಿದ್ದೆ. ಕ್ಯಾಲೆಂಡರಿನ ಕಟ್ಟು ಕಿತ್ತರೆ, ಬಿಸಿಲು ತಾಗದ ಆ ಚಿತ್ರದ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

ಕಾಕಾ ಅದನ್ನು ತಿರುಗಿಸಿ ನೋಡಿದರು. "ಇದ್ಯಾರ್ದಿದು? ಮೊದಲಿದ್ದವರು ಬಿಟ್ಟಹೋಗಿರಬೇಕು."

ನಾನು ಅದನ್ನು ಎತ್ತಿಕೊಂಡು ಬಂದೆ.

ಈಗ ಅದು ಮಿಯಾಪುರದ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿದೆ. ಗೋಡೆ ಕೊರೆಯಲು ಮಾಲೀಕರು ಬಿಡುವುದಿಲ್ಲ, ಇಲ್ಲಿಯೂ ಹಾಲ್‌ನಲ್ಲಿ ಒಂದೇ ಮೊಳೆ, ಅದಕ್ಕೆ ಆ ಚಿತ್ರ. ನಿನ್ನೆ ಮನೆಯವರು ಕ್ಯಾಲೆಂಡರ್ ಹಿಡಿದು ನೇರ ಅಲ್ಲಿಗೇ ಹೋದರು.

"ಅಲ್ಲಿ ಬ್ಯಾಡ್ರಿ. ಅಡಿಗಿಮನ್ಯಾಗ ಹಾಕ್ರಿ," ಎಂದೆ.

"ಆತು, ಅದಕ್ಕ್ಯಾಕ ಅಷ್ಟ ಸಿಟ್ಟು?" ಎನ್ನುತ್ತಾ ಅವರು ಅಡುಗೆಮನೆಗೆ ನಡೆದರು.

ಇಷ್ಟೇ ಮಾತು, ಕಾಕು. ಎದುರಿಗಿದ್ದಿದ್ದರೆ ನಿಮ್ಮ ಜೊತೆ ಜಗಳವನ್ನೇ ಆಡುತ್ತಿದ್ದೆ... ಇಷ್ಟು ಹೇಳಲು ನಿಮಗೇನು ಧಾಡಿಯಾಗಿತ್ತು?