ಅರ್ಧ ಬಾವಿಯ ಒಡತಿ

ಅಣ್ಣ ತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಬಾವಿಯ ನಟ್ಟನಡುವೆಯೇ ಗೋಡೆ ಏಳಬೇಕೆಂದು ಪಟ್ಟು ಹಿಡಿದವಳು ಹಿರಿಸೊಸೆ. ಬಟ್ಟೆ ಹೊಲಿದು ಬದುಕುವವಳು. ಕೈಯ ಕತ್ತರಿಗಿಂತ ಬಾಯಿಯದೇ ಚುರುಕು ಅಂತ ಬೀದಿಯವರೆಲ್ಲ ಕತ್ತರಿಯಕ್ಕ ಅನ್ನುತ್ತಿದ್ದರು. ಗಾರೆಯವನು ಬಾವಿಯ ಬಾಯಿಗೆ ಅಡ್ಡಲಾಗಿ ಚಪ್ಪಡಿ ಹಾಸಿ, ಅದರ ಮೇಲೆ ಇಟ್ಟಿಗೆ ಏರಿಸಿದ. ಅಲ್ಲಿಂದ ಅರ್ಧ ಬಾವಿ ಇವಳದು, ಅರ್ಧ ವಾರಗಿತ್ತಿಯದು. ಗಂಡಂದಿರಿಬ್ಬರೂ ಹೋದರು, ಜಗಳಕ್ಕೆ ಮಾತ್ರ ಮುಪ್ಪು ಬರಲಿಲ್ಲ.

ಆ ಸಲ ಹೊಳೆ ಉಕ್ಕಿ ಬರುತ್ತಿದೆ ಎಂದು ಜೀಪಿನಲ್ಲಿ ಕೂಗಿಕೊಂಡು ಹೋದರು. ಕತ್ತರಿಯಕ್ಕ ತನ್ನ ಕಡೆಯ ಬಾವಿಕಟ್ಟೆ ಎತ್ತರಿಸಿದಳು, ಟಾರ್ಪಾಲನ್ನು ಅಳತೆಗೆ ಹೊಲಿದು ಹಗ್ಗದಿಂದ ಬಿಗಿದಳು. ಮಗಳು ಹಸುಗೂಸಿನ ಸಮೇತ ಬಂದಿದ್ದಳು. ಎದೆಹಾಲು ಸಾಲದ ಕೂಸಿಗೆ ಪುಡಿಹಾಲೇ ಗತಿ, ಅದನ್ನು ಕದಡಲು ಈ ಬಾವಿಯ ನೀರೇ ಗತಿ.

"ಅಮ್ಮಾ, ಗೋಡೆ ನೀರಿನ ತಳದ ತನಕ ಇದೆಯಾ?" ಅಂದಳು ಮಗಳು.

ಕತ್ತರಿಯಕ್ಕನ ಕೈ ಹಗ್ಗದ ಮೇಲೇ ನಿಂತಿತು. ಚಪ್ಪಡಿಯ ಕೆಳಗೆ ನೀರು ಒಂದೇ ಅನ್ನುವುದು ಗೊತ್ತಿಲ್ಲದ್ದೇನಲ್ಲ, ಸಿಟ್ಟಿನ ಭರದಲ್ಲಿ ನೆನಪಾಗಿರಲಿಲ್ಲ. ಆಚೆಯ ಕಟ್ಟೆ ಬರೀ ಮೊಣಕಾಲೆತ್ತರ. ಕೂತು ಬಟ್ಟೆ ಒಗೆಯಲು ವಾರಗಿತ್ತಿ ಒಡೆಸಿಕೊಂಡಿದ್ದಳು.

ಕತ್ತರಿಯಕ್ಕ ಸ್ಟೂಲು ಹತ್ತಿ ಗೋಡೆಯ ಮೇಲಿಂದ ಕೂಗಿದಳು. "ಏ, ನಿನ್ನ ಕಡೆ ಕಟ್ಟೆಗೆ ಮರಳಿನ ಚೀಲ ಪೇರಿಸೇ. ಹೊಲಸು ನೀರು ನುಗ್ಗತ್ತೆ."

"ನನ್ನ ಅರ್ಧದ ಚಿಂತೆ ನಿಂಗ್ಯಾಕಕ್ಕ? ಗೋಡೆ ಬೇಕು ಅಂತ ಕುಣಿದೋಳು ನೀನೇ ಅಲ್ವಾ?"

"ಕೂಸಿದೆ ಕಣೇ ಮನೇಲಿ!"

"ನಿಮ್ಮನೆ ಕೂಸು ನಿಮ್ಮ ಅರ್ಧದ್ದು ಕುಡೀಲಿ."

ಕತ್ತರಿಯಕ್ಕ ಹಲ್ಲು ಕಚ್ಚಿ ತಾನೇ ಚೀಲಗಳಿಗೆ ಮರಳು ತುಂಬಿ ಆಚೆ ಉರುಳಿಸಿದಳು. ವಾರಗಿತ್ತಿ ಅವನ್ನೆಲ್ಲ ಎಳೆದೊಯ್ದು ತನ್ನ ಬಾಗಿಲಿಗೆ ಅಡ್ಡ ಇಟ್ಟುಕೊಂಡಳು. ಅವಳ ಮನೆಯೊಳಗೆ ಒಂದು ಹನಿ ಬರಲಿಲ್ಲ. ಬಾವಿಯೊಳಗೆ ಮಾತ್ರ ಊರ ಚರಂಡಿಯೆಲ್ಲ ಇಳಿಯಿತು.

ನೆರೆ ಇಳಿದ ಮೇಲೆ ಆಸ್ಪತ್ರೆಯ ನರ್ಸಮ್ಮ ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಕದಡಿ ಹಾಕಿಸಿದಳು. "ನಾನು ಹೇಳೋ ತನಕ ಯಾರೂ ನೀರೆತ್ತಬೇಡಿ. ಈಗ ಎತ್ತಿದರೆ ಔಷಧಿ ಹೊರಗೆ ಹೋಗತ್ತೆ, ಸುತ್ತಲಿನ ಹೊಲಸು ಒಳಗೆ ಬಸಿಯತ್ತೆ. ನೀರಿನ ಪರೀಕ್ಷೆ ಆಗೋವರೆಗೂ ಟ್ಯಾಂಕರಿನ ನೀರು ಕುದಿಸಿ ಕುಡೀರಿ" ಎಂದು ಎರಡೂ ಅಂಗಳದಲ್ಲಿ ನಿಂತು ಹೇಳಿದಳು.

ಅವಳು ಬೀದಿ ದಾಟುವಷ್ಟರಲ್ಲಿ ಆಚೆ ಮೋಟರು ಗುರ್ ಅಂದಿತು.

"ನಿಲ್ಲಿಸೇ!"

"ಮನೆಯೆದುರು ಕೆಸರು ತೊಳೀಬೇಕು. ನನ್ನ ಕರೆಂಟು, ನನ್ನ ಮೋಟರು."

ಕತ್ತರಿಯಕ್ಕ ಒಳಗಿನಿಂದ ಪಾತಾಳಗರಡಿ ತಂದಳು, ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಕೊಕ್ಕೆಗಳ ಗೊಂಚಲು ಅದು. ಟಾರ್ಪಾಲು ಸರಿಸಿ ಇಳಿಬಿಟ್ಟು ಚಪ್ಪಡಿಯ ಅಡಿಯಲ್ಲಿ ಬೀಸಿದಳು. ಎರಡು ಸಲ ತಪ್ಪಿತು. ಮೂರನೇ ಸಲ ವಾರಗಿತ್ತಿಯ ಪೈಪಿಗೆ ಕಚ್ಚಿತು. ಉಸಿರು ಕಟ್ಟಿ ಎಳೆದು, ಪೈಪಿನ ಬಾಯಿ ನೀರಿನಿಂದ ಮೇಲೆದ್ದ ಮೇಲೆ ಹಗ್ಗವನ್ನು ಕಿಟಕಿಯ ಸರಳಿಗೆ ಬಿಗಿದಳು. ಆಚೆಯ ಮೋಟರು ಬರೀ ಗಾಳಿ ಎಳೆದು ಕೆಮ್ಮಿತು.

"ಕಳ್ಳಿ! ನನ್ನ ಪೈಪು ಎಳಕೊಂಡ್ಯಾ?"

"ನನ್ನ ಅರ್ಧಕ್ಕೆ ಬಂದಿತ್ತು, ಹಿಡಕೊಂಡೆ. ಬೇಕಿದ್ರೆ ಬಾ, ಗೋಡೆ ಹತ್ತು."

ಬೀದಿಯೇ ನೆರೆಯಿತು. ವಾರಗಿತ್ತಿ ಮಣ್ಣು ತೂರಿ ಶಾಪ ಹಾಕಿದಳು. ಕತ್ತರಿಯಕ್ಕ ಹೊಲಿಗೆ ಮಿಷನ್ನನ್ನೇ ಕಿಟಕಿಯ ಬಳಿಗೆ ಎಳೆದುಕೊಂಡು, ಹಗ್ಗ ಕಾಯುತ್ತ ರವಿಕೆ ಹೊಲಿದಳು. ಟ್ಯಾಂಕರಿನ ಸಾಲಿನಲ್ಲಿ ಇಬ್ಬರೂ ಬೆನ್ನು ತಿರುಗಿಸಿ ನಿಂತರು.

ಕೊನೆಗೆ ನರ್ಸಮ್ಮ ಬಂದು ನೀರು ಶುದ್ಧವಾಗಿದೆ ಅಂದಳು. ಕತ್ತರಿಯಕ್ಕ ಹಗ್ಗ ಬಿಚ್ಚಿ ಪೈಪು ಇಳಿಸಿದಳು. "ಈಗ ಹಾಕ್ಕೋ ಮೋಟರು!"

"ನಿನ್ನ ಅಪ್ಪಣೆಯ ನೀರು ನಂಗೆ ಬೇಡ!"

ಅಂದಂತೆಯೇ ವಾರಗಿತ್ತಿ ಮರುದಿನವೂ ಟ್ಯಾಂಕರಿನ ನೀರನ್ನೇ ಹೊತ್ತಳು.

"ಹೊತ್ತು ಸೊಂಟ ಮುರಕೊಳ್ಳಲಿ" ಅನ್ನುತ್ತ ಕತ್ತರಿಯಕ್ಕ ಬಾವಿಯ ನೀರನ್ನು ಒಲೆಗಿಟ್ಟು, ಕೊತಕೊತ ಕುದಿಯುವ ತನಕ ಅಲ್ಲಿಂದ ಕದಲಲಿಲ್ಲ. ಆಮೇಲೆ ಆರಿಸಿ, ಕೂಸಿನ ಹಾಲು ಕದಡಿದಳು.