ಲಿಫ್ಟಿಗೆ ಇಟ್ಟ ಬೊಟ್ಟು

ಮೊನ್ನೆ ಸೆಮಿನಾರಿಗೆ ಹೊರಡುವಾಗ ಹಳೆಯ ಕೈಚೀಲದ ಒಳಜೇಬಿನಲ್ಲಿ ಬೊಟ್ಟಿನ ಪಟ್ಟಿಯೊಂದು ಸಿಕ್ಕಿತು. ಕಡುಗೆಂಪು ಮಖಮಲ್ಲಿನ ದೊಡ್ಡ ಬೊಟ್ಟುಗಳು, ಅರ್ಧ ಖಾಲಿಯಾಗಿದ್ದವು. ನಾನು ಬೊಟ್ಟು ಇಡುವವಳಲ್ಲ. ಅವುಗಳ ಮೇಲೆ ಬೆರಳಾಡಿಸಿದಾಗ ಕುವೈತಿನ ರಿಗ್ಗೈ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟು ನೆನಪಾಯಿತು, ಅದರ ಹಿಂದೆಯೇ ಎದುರುಮನೆಯ ಆಂಟಿ...

ಅವರು ಉಡುಪಿ ಕಡೆಯವರು. ಗಂಡನಿಗೆ ಹೋಟೆಲಿನಲ್ಲಿ ಕೆಲಸ, ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ಕುವೈತಿಗೆ ಬಂದ ಮೇಲೆ ಆಂಟಿಯ ಕಣ್ಣು ಸ್ವಲ್ಪ ಸ್ವಲ್ಪವಾಗಿ ಮಂಜಾಗುತ್ತ ಹೋಗಿ, ನಾನು ಕಾಲೇಜು ಸೇರುವ ಹೊತ್ತಿಗೆ ಪೂರ್ತಿ ಕಾಣಿಸದಂತಾಗಿತ್ತು. ಆದರೂ ಮನೆಯೊಳಗೆ ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಮೈಕ್ರೋವೇವಿನ ನುಣುಪಾದ ಗುಂಡಿಗಳ ಮೇಲೆ, ವಾಷಿಂಗ್ ಮೆಷಿನ್ನಿನ ತಿರುಗಣೆಯ ಪಕ್ಕದಲ್ಲಿ, ಬೇಕಾದ ಕಡೆಯೆಲ್ಲ ಬೊಟ್ಟು ಅಂಟಿಸಿಕೊಂಡಿದ್ದರು. ಸಂದೇಶಗಳನ್ನು ಫೋನು ಓದಿ ಹೇಳುತ್ತಿತ್ತು. ಅದರ ಕನ್ನಡ ಕೇಳಿ ಆಂಟಿ, ಪಾಪ, ಇದಕ್ಕೆ ಜ್ವರ ಬಂದ ಹಾಗೆ ಉಂಟು ಎಂದು ನಗುತ್ತಿದ್ದರು.

ಸಂಜೆ ಒಬ್ಬರೇ ಲಿಫ್ಟಿನಲ್ಲಿ ಇಳಿದು ಕೆಳಗಿನ ದಿನಸಿ ಅಂಗಡಿಗೆ, ಅಲ್ಲಿಯವರ ಮಾತಿನಲ್ಲಿ ಬಕಾಲಾಕ್ಕೆ, ಹೋಗುತ್ತಿದ್ದರು. ಖುಬ್ಬೂಸ್ ರೊಟ್ಟಿ ಕೊಳ್ಳುವುದು ನೆಪ. ಅಂಗಡಿಯ ಮಲಯಾಳಿಯ ಜೊತೆ ಮೀನಿನ ರುಚಿಯ ಬಗ್ಗೆ ಜಗಳವಾಡಿ, ಬಾಗಿಲ ಬಳಿ ಸ್ವಲ್ಪ ಹೊತ್ತು ಗಾಳಿಗೆ ನಿಂತು, ಮತ್ತೆ ಮೇಲೆ ಬರುತ್ತಿದ್ದರು. ದಿನದಲ್ಲಿ ಅವರದ್ದೇ ಆದ ಹೊತ್ತು ಅದೊಂದೇ.

ಒಂದು ರಜೆಯಲ್ಲಿ ಕಟ್ಟಡದವರು ಲಿಫ್ಟ್ ಬದಲಿಸಿದರು. ಉಬ್ಬಿದ ಗುಂಡಿಗಳು ಹೋಗಿ ಕನ್ನಡಿಯಂಥ ಗಾಜಿನ ಫಲಕ ಬಂತು. ಗಾಜಿನ ಮೇಲೆ ಹುಡುಕುತ್ತ ಕೈಯಾಡಿಸಿದರೆ ತಗುಲಿದ ಮಹಡಿಗಳೆಲ್ಲ ಹತ್ತಿಕೊಳ್ಳುತ್ತಿದ್ದವು. ಆಂಟಿ ಒಂದು ಮಧ್ಯಾಹ್ನ ನನ್ನನ್ನು ಕರೆದುಕೊಂಡು ಹೋಗಿ, ಗಾಜಿನ ಮೇಲಲ್ಲ, ಅದರ ಅಂಚಿನ ಸ್ಟೀಲ್ ಪಟ್ಟಿಯ ಮೇಲೆ, ಪ್ರತಿ ಸಂಖ್ಯೆಯ ಪಕ್ಕಕ್ಕೂ ಒಂದೊಂದು ಬೊಟ್ಟು ಹಚ್ಚಿಸಿದರು. ನಮ್ಮ ಮನೆಯಲ್ಲಿ ಬೆರಳಿಗೂ ಬೊಟ್ಟು ಅನ್ನುವುದು ಅವರಿಗೆ ಗೊತ್ತಿತ್ತು.

"ಬೊಟ್ಟಿಗೆ ಬೊಟ್ಟು ಸಿಕ್ಕಿದರೆ ನಾನು ಮನೆ ಮುಟ್ಟಿದ ಹಾಗೆಯೇ," ಎಂದರು. ಮತ್ತೆ ನಕ್ಕು, "ಹೇಗೆ ಮಗಾ, ಲಿಫ್ಟು ಈಗ ಮುತ್ತೈದೆಯ ಹಾಗೆ ಕಾಣ್ತದಾ?"

ಆ ವಾರವೇ ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ, ಬ್ಲೇಡಿನಿಂದ ಅವನ್ನೆಲ್ಲ ಕೆರೆದು ತೆಗೆದ. ಕೇಳಿದರೆ ಕಟ್ಟಡ ನೋಡಿಕೊಳ್ಳುವ ಮುದೀರ್ ಹೇಳಿದ್ದಾರೆ, ಮನೆ ನೋಡಲು ಬರುವವರಿಗೆ ಗಲೀಜು ಕಾಣುತ್ತದಂತೆ, ಖಲಾಸ್ ಎಂದ. ಹೊಸ ಬೊಟ್ಟು ಹಚ್ಚಿದೆವು, ಅವನೂ ಮತ್ತೆ ಕೆರೆದ. ಲಿಫ್ಟಿನ ಗಂಡ ಇಷ್ಟು ಬೇಗ ಸತ್ತನಾ ಎಂದರು ಆಂಟಿ. ಆ ಸಲ ಅವರು ನಗಲಿಲ್ಲ.

ಅದೇ ಹೊತ್ತಿಗೆ ಕಾಲೇಜಿನಲ್ಲಿ ನಮ್ಮ ವಿಭಾಗಕ್ಕೆ ಒಂದು ಸಂಶೋಧನಾ ಯೋಜನೆ ಸಿಕ್ಕಿತ್ತು. ಕಣ್ಣು ಕಾಣದವರು ಫೋನಿಗೆ ಹೇಳಿದರೆ ಸಾಕು, ಲಿಫ್ಟು ತಾನೇ ಬಂದು ಅವರನ್ನು ಅವರ ಮಹಡಿಗೆ ಒಯ್ಯುವಂಥ ಆ್ಯಪ್. ನಾನು ಆ ತಂಡದಲ್ಲಿ ಸಹಾಯಕಿ. ಪರೀಕ್ಷೆಗೆ ಆಂಟಿಯನ್ನು ಕೇಳಿದರು, ಅವರು ಖುಷಿಯಿಂದ ಒಪ್ಪಿದರು. ತಂಡ ಮನೆಗೆ ಬಂದು ಸೋಫಾದಲ್ಲಿ ಕೂತು ಅವರ ಕೈಗೆ ಟ್ಯಾಬ್ಲೆಟ್ ಕೊಟ್ಟಿತು. ಅದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಚೆನ್ನಾಗಿಯೇ ಮಾತಾಡಿತು. ನಮ್ಮ ಕಟ್ಟಡದ ಲಿಫ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅಂಥ ಲಿಫ್ಟು ಲ್ಯಾಬಿನ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಪರದೆಯ ಮೇಲಿದ್ದ ಆಂಟಿಯ ಬೆರಳಿನ, ಅದರ ಸುಟ್ಟ ಕಲೆಯ ಸಮೇತ, ಫೋಟೋ ತೆಗೆದರು. ಕೊನೆಗೆ ಪ್ರೊಫೆಸರು, ಇದರಲ್ಲಿ ಇನ್ನೇನು ಇರಬೇಕಿತ್ತು ಕೇಳು ಎಂದು ನನಗೆ ಹೇಳಿದರು.

"ನನಗೆ ಮಾತಾಡುವ ಲಿಫ್ಟ್ ಎಂತಕ್ಕೆ ಮಾರಾಯ್ತಿ? ನನ್ನ ಬೊಟ್ಟು ಕೀಳಬೇಡಿ ಅಂತ ಆ ಮುದೀರನಿಗೆ ಹೇಳಲಿಕ್ಕೆ ಹೇಳು. ದೊಡ್ಡವರು ಹೇಳಿದರೆ ಕೇಳ್ತಾನೆ."

ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಹಾಗೆ ಒಂದು ಪತ್ರ ಬರೆಯೋಣ ಎಂದೂ ಸೇರಿಸಿದೆ. ಪ್ರೊಫೆಸರು ಮುಗುಳ್ನಕ್ಕು, ಅದು ಮೆಂಟೆನೆನ್ಸ್ ವಿಷಯ, ರಿಸರ್ಚ್ ಅಲ್ಲ ಎಂದರು. ಆಮೇಲೆ ಎಲ್ಲರೂ ಆಂಟಿ ಮಾಡಿದ ನೀರುದೋಸೆ ತಿಂದರು, ಹೊಗಳಿದರು, ಹೋದರು.

ಆ ನಗುವನ್ನು ನಾನು ಈಗಲೂ ಕ್ಷಮಿಸಿಲ್ಲ.

ಮುಂದಿನ ತಿಂಗಳು ಆಂಟಿ ಬಕಾಲಾದಿಂದ ಬರುವಾಗ ಗಾಜಿನ ಮೇಲೆ ಬೆರಳು ಜಾರಿ, ಬೇರೆ ಮಹಡಿಯಲ್ಲಿ ಇಳಿದರು. ತಮ್ಮ ಮನೆಯೆಂದುಕೊಂಡು ಯಾರದೋ ಬಾಗಿಲ ಬೀಗಕ್ಕೆ ಕೀಲಿ ತೂರಿಸಿದರು. ಒಳಗಿದ್ದವನು ಕಳ್ಳರೆಂದು ಕೂಗಿಕೊಂಡ, ಜನ ಸೇರಿದರು, ಪೊಲೀಸರನ್ನು ಕರೆಯುವ ಮಾತಾಯಿತು. ಗಲಾಟೆ ಕೇಳಿ ನಾನೂ ಅಮ್ಮನೂ ಇಳಿದು ಹೋದಾಗ ಅವರು ಗೋಡೆಗೆ ಬೆನ್ನು ಕೊಟ್ಟು, ಖುಬ್ಬೂಸಿನ ಕವರನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಆ ರಾತ್ರಿಯೇ ಅಂಕಲ್ ಅವರ ಕೀಲಿ ತೆಗೆದಿಟ್ಟುಕೊಂಡರು. ಮತ್ತೆ ಅವರು ಒಬ್ಬರೇ ಹೊರಗೆ ಬಂದದ್ದನ್ನು ನಾನು ಕಾಣಲಿಲ್ಲ. ಬೇಸಿಗೆಗೆ ಊರಿಗೆ ಕಳಿಸಿದರು. ಕಣ್ಣು ಕಾಣದವಳಿಗೆ ಇಲ್ಲಿ ಕಷ್ಟ ಎಂದು ಕಟ್ಟಡದಲ್ಲಿ ಎಲ್ಲರೂ ಮಾತಾಡಿಕೊಂಡರು. ಕಷ್ಟ ಅವರ ಕಣ್ಣಿನಲ್ಲಿತ್ತೇ? ಅವರು ದಾರಿ ಮಾಡಿಕೊಂಡಿದ್ದರು. ಅದನ್ನು ಕೆರೆದು ತೆಗೆದದ್ದು ಕಣ್ಣಿದ್ದವರು.

ಹೊರಡುವ ದಿನ ಈ ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, "ಇಟ್ಟುಕೋ ಮಗಾ. ನಿನ್ನ ಹಣೆಗಲ್ಲ," ಎಂದರು. ಊರಿನಲ್ಲಿ ಅವರು ಹೆಚ್ಚು ಕಾಲ ಬದುಕಲಿಲ್ಲ. ಹೋದ ವರ್ಷ ಸುದ್ದಿ ಬಂತು...

ಮೊನ್ನೆಯ ಸೆಮಿನಾರು ಒಂದು ಹೊಸ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ವಿಷಯ, ಎಲ್ಲರಿಗೂ ಎಟಕುವ ತಂತ್ರಜ್ಞಾನ. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಚಿತ್ರ: ಟ್ಯಾಬ್ಲೆಟಿನ ಮೇಲೆ ಒಂದು ಬೆರಳು. ತುದಿಯ ಹತ್ತಿರ ಕಾವಲಿ ತಗುಲಿ ಸುಟ್ಟ ಕಪ್ಪು ಕಲೆ. ಮುಖವಿರಲಿಲ್ಲ, ಕೆಳಗೆ "ಬಳಕೆದಾರರು" ಎಂಬರ್ಥದ ಇಂಗ್ಲಿಷ್ ಪದವಿತ್ತು. ನಾನು ಕುಳಿತುಕೊಳ್ಳಲಿಲ್ಲ, ವಾಪಸ್ ಲಿಫ್ಟಿಗೆ ನಡೆದೆ.

ಅಲ್ಲಿಯೂ ಅದೇ ನುಣುಪು ಗಾಜು. ಅಂಚಿನ ಸ್ಟೀಲ್ ಪಟ್ಟಿಯ ಮೇಲೆ, ಪ್ರತಿ ಸಂಖ್ಯೆಯ ಪಕ್ಕಕ್ಕೂ ಬೊಟ್ಟು ಹಚ್ಚಿ ಒತ್ತಿದೆ. ಪಕ್ಕದಲ್ಲಿ ನಿಂತಿದ್ದವರೊಬ್ಬರು ಇದೇನು ಅಲಂಕಾರವೇ ಎಂದು ಕೇಳಿದರು. ಅಲ್ಲ, ರಿಸರ್ಚ್ ಎಂದೆ.

ಪಟ್ಟಿಯಲ್ಲಿ ಇನ್ನೂ ಕೆಲವು ಉಳಿದಿವೆ. ಕೆರೆದರೆ ಮತ್ತೆ ಹಚ್ಚುತ್ತೇನೆ. ಅವನ್ನು ಹುಡುಕಿಕೊಂಡು ಬರಬೇಕಾದ ಆಂಟಿಯ ಬೊಟ್ಟು ಮಾತ್ರ ಮೇಲಿನ ಮಹಡಿಯ ಗೋಡೆಯಲ್ಲಿದೆ.