ಸಾಲಿನ ಕೊನೆಯ ಸೈಕಲ್

ನನ್ನ ಹೆಂಡತಿ ತೀರಿಕೊಂಡ ಹನ್ನೊಂದನೇ ದಿನ ಎಡೆ ಇಟ್ಟಾಗ, ಹೊಸ ಸೀರೆ, ಒಬ್ಬಟ್ಟಿನ ಪಕ್ಕದಲ್ಲಿ ಅವಳ ಸೈಕಲ್ ಪಂಪನ್ನೂ ಇಟ್ಟೆ. ಅದಕ್ಕೂ ಕುಂಕುಮ ಹಚ್ಚಿದೆ. ನೋಡಿದ ಹೆಂಗಸರು ಅತ್ತರು. ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ.

ಹುಣಸೂರಿನಲ್ಲಿ ಭಾನುವಾರದ ಸೈಕಲ್ ಗುಂಪನ್ನು ಕಟ್ಟಿದವಳು ಅವಳು. ಹತ್ತಿರದ ಊರುಗಳಿಗೆ ಪೆಟ್ರೋಲ್ ಸುಡದೆ ಹೋಗಿಬರುವುದು ಅಭ್ಯಾಸವಾದರೆ, ಜನ ಸೋಮವಾರ ಕೆಲಸಕ್ಕೂ ಹಾಗೆಯೇ ಹೋಗುತ್ತಾರೆ ಎಂದು ನಂಬಿದ್ದಳು. ಕೆಲವರು ಹಾಗೆ ಹೋಗಲು ಶುರು ಮಾಡಿಯೂ ಇದ್ದರು. ನಾನು ಮಾತ್ರ ಒಂದು ಸಲವೂ ಅವಳ ಜೊತೆ ಹೋಗಲಿಲ್ಲ. ಬೀದಿ ಕೊನೆಯ ಡೈರಿಗೂ ಸ್ಕೂಟರ್ ತೆಗೆಯುತ್ತಿದ್ದೆ.

"ಹಾಲ್ ತರಕ್ಕೂ ಗಾಡಿ ಬೇಕಾ? ಕಾಲ್ನ ಏನು ಪೂಜೆಗೆ ಮಡಿಕ್ಕಂಡಿದ್ದೀರಾ?" ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

ಸಾಲಿನಲ್ಲಿ ಅವಳದು ಯಾವಾಗಲೂ ಕೊನೆಯ ಜಾಗ. ಪಂಪನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು, ಎಷ್ಟೇ ನಿಧಾನ ತುಳಿಯುವವರಿದ್ದರೂ ಅವರ ಹಿಂದೆ ಬರುತ್ತಿದ್ದಳು. "ನಡೀರಿ, ಹಿಂದೆ ನಾನಿವ್ನಿ" ಎನ್ನುತ್ತಿದ್ದಳಂತೆ. ಇದನ್ನು ನನಗೆ ಹೇಳಿದವರು ಬೇರೆಯವರು. ನಾನು ಕೇಳಿದವನಲ್ಲ.

ಜ್ವರವೆಂದು ಮೈಸೂರಿನ ಆಸ್ಪತ್ರೆಗೆ ಸೇರಿದವಳು ತಿರುಗಿ ಬರಲಿಲ್ಲ.

ತಿಥಿಯ ಊಟಕ್ಕೆ ಗುಂಪಿನವರೆಲ್ಲ ಬಂದಿದ್ದರು. ಇನ್ನು ಮೇಲೆ ಸಾಲಿನ ಕೊನೆಗೆ ಯಾರು ಬರುವುದು ಎಂದು ಒಬ್ಬರು ಮೆಲ್ಲಗೆ ಕೇಳಿದರು. ಆ ಜಾಗ ಅವಳದು, ಅದನ್ನು ಯಾರೂ ತುಂಬಬೇಡಿ ಎಂದೆ. ಎಡೆಯ ಮುಂದೆ ಹೇಳಿದ ಮಾತು. ಯಾರೂ ಎದುರಾಡಲಿಲ್ಲ. ಪಂಪನ್ನು ಅವಳ ಫೋಟೋದ ಪಕ್ಕ ಮೊಳೆಗೆ ನೇತುಹಾಕಿದೆ. ಸತ್ತವರಿಗೆ ಇಟ್ಟ ವಸ್ತುವನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ಪ್ರತಿ ಭಾನುವಾರ ಆ ಸಾಲು ಹೋಗುವುದನ್ನು ನೋಡಲು ಬಾಗಿಲಲ್ಲಿ ನಿಲ್ಲುತ್ತಿದ್ದೆ. ವಾರವಿಡೀ ನಾನು ಕಾಯುತ್ತಿದ್ದದ್ದು ಅದೊಂದಕ್ಕೆ. ಸಾಲು ಗಿಡ್ಡವಾಗುತ್ತಾ ಬಂತು. ಒಂದು ಭಾನುವಾರ ನಾಲ್ಕೇ ಜನ. ಇಷ್ಟು ಬೇಗ ಅವಳನ್ನು ಮರೆತರಲ್ಲ ಎಂದು ಕೋಪ ಬಂತು. ನನ್ನ ಹೆಂಡತಿಯೇ ಸೈಕಲ್ ಕಲಿಸಿದ್ದ, ಬ್ಲೌಸ್ ಹೊಲಿಯುವ ಹೆಂಗಸಿನ ಮನೆಗೆ ಬೈಯಲೆಂದೇ ಹೋದೆ.

ಅವಳು ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಒಂದು ಭಾನುವಾರ ಗುರುಪುರ ದಾಟಿದ ಮೇಲೆ ಅವಳ ಸೈಕಲ್ಲಿನ ಹಿಂದಿನ ಚಕ್ರದ ಗಾಳಿ ಹೋಯಿತಂತೆ. ಮುಂದಿದ್ದವರು ಮಾತಾಡಿಕೊಂಡು ಹೋಗಿಯೇಬಿಟ್ಟರು. ಬಿಸಿಲಿನಲ್ಲಿ ಹೊಗೆಸೊಪ್ಪಿನ ಹೊಲಗಳ ಪಕ್ಕ ಸೈಕಲ್ ತಳ್ಳಿಕೊಂಡು ಒಬ್ಬಳೇ ಊರು ಸೇರಿದಳು. ಬೈಕಿನಲ್ಲಿ ಹೋಗುವವರು ನಗಾಡಿದರು. ಈಗ ಅಂಗಡಿಗೆ ಆಟೋದಲ್ಲೇ ಹೋಗುತ್ತಾಳೆ.

"ಯಾರಾದ್ರೂ ತಿರುಗಿ ನೋಡ್ತಾರೆ ಅಂದ್ಕಂಡೆ ಕಣಣ್ಣ," ಎಂದಳು. "ಅಕ್ಕ ಇದ್ದಾಗ ನಾನು ಹಿಂದ್ಕೆ ಬಿದ್ದಿವ್ನಿ ಅಂತ್ಲೇ ಗೊತ್ತಾಯ್ತಿರ್ಲಿಲ್ಲ."

ಬೈಯಲು ಹೋದವನು ಬಾಗಿಲಲ್ಲೇ ಕುಳಿತುಬಿಟ್ಟೆ. ಹೆಂಡತಿಯ ಜಾಗವನ್ನು ಕಾಯುತ್ತಿದ್ದೇನೆಂದುಕೊಂಡು ಅವಳು ಕಟ್ಟಿದ್ದನ್ನು ನಾನೇ ಬಿಚ್ಚಿದ್ದೆ. ಈ ಭಾನುವಾರ ಒಂದು ಸಲ ಬಾಮ್ಮ, ಇದೂ ನಿಂತರೆ ಅವಳದೆಂದು ನನಗೆ ಏನೂ ಉಳಿಯುವುದಿಲ್ಲ ಎಂದು ಬೇಡಿಕೊಂಡೆ.

ಅವಳು ಹಲ್ಲಿನಿಂದ ದಾರ ಕಡಿದಳು. "ಹಿಂದೆ ಯಾರ್ ಇರ್ತಾರೆ?"

"ನಾನು" ಎಂದೆ.

ಭಾನುವಾರ ಪಂಪನ್ನು ಮೊಳೆಯಿಂದ ಇಳಿಸುವಾಗ ಫೋಟೋ ಕಡೆ ನೋಡಲಾಗಲಿಲ್ಲ. ಹೆಂಡತಿಯ ಸೈಕಲ್ಲಿನ ಸೀಟು ನನಗೆ ತಗ್ಗು. ಏರಿಸಲು ಮನಸ್ಸು ಬರಲಿಲ್ಲ. ಬಂದವರು ಐದು ಜನ, ಐದನೆಯವಳು ಟೈಲರ್ ಹೆಂಗಸು. ಗಾಳಿ ಸಾಲದ ಅವಳ ಚಕ್ರಕ್ಕೆ ಪಂಪ್ ಹೊಡೆದೆ. ಒಣಗಿದ್ದ ಕುಂಕುಮ ಅಂಗೈಗೆ ಹತ್ತಿತು.

ಊರಾಚೆಯ ಏರಿನಲ್ಲಿ ಅವಳು ನಿಧಾನಿಸಿ ತಿರುಗಿ ನೋಡಿದಳು. ಹೆಂಡತಿಯ ಹಾಗೆ "ಹಿಂದೆ ನಾನಿವ್ನಿ" ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ಬೆಲ್ ಒತ್ತಿದೆ. ಅವಳು ಮತ್ತೆ ತುಳಿಯತೊಡಗಿದಳು.

ಮುಂದೆ ಐದು ಬೆನ್ನುಗಳು. ಇಷ್ಟು ವರ್ಷ ನನ್ನ ಹೆಂಡತಿ ನೋಡುತ್ತಿದ್ದದ್ದು ಇದನ್ನೇ. ಅವಳು ನೋಡಿದ ಬೆನ್ನುಗಳಲ್ಲಿ ನನ್ನದೊಂದು ಇರಲಿಲ್ಲ. ಮಂಡಿ ನೋಯುತ್ತಿತ್ತು. ಎರಡು ಸಲ ತಿರುಗಿ ನೋಡಿದೆ. ರಸ್ತೆ ಖಾಲಿ ಇತ್ತು. ನನ್ನ ಹಿಂದೆ ಯಾರೂ ಇರಲಿಲ್ಲ.